‘ನಿದ್ರಾರಸ’ ಎಂಬ ಅನುವಾದವನ್ನು ಕುರಿತು

ಅನುವಾದದ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ‘ಮೆಲಟೋನಿನ್’ ಎಂಬ ಪದವನ್ನು ‘ನಿದ್ರಾರಸ’ವೆಂದು ಕನ್ನಡಿಸಿದಳು. ಸಮಾಸ ಶುದ್ಧವಾಗಿದೆ, ಕಿವಿಗೂ ಇಂಪು. ಆದರೆ ಅಕ್ಕಲಕೋಟದ ಜೋಳದ ಹೊಲಗಳ ಇಲಿ ಇದನ್ನು ಒಪ್ಪಲಾರದು.

ಕನ್ನಡ ವಿಭಾಗಕ್ಕೆ ಇಲಿಯ ಗೊಡವೆಯೇಕೆ ಎನ್ನಬೇಡಿ. ‘ಮಸ್ ಬೂದುಗ’ ಎಂಬ ಹೊಲದ ಇಲಿಯನ್ನು ವಿಜ್ಞಾನಲೋಕ 1837ರಲ್ಲಿ ಗುರುತಿಸಿದ್ದು ದಕ್ಷಿಣ ಮರಾಠಾ ಸೀಮೆಯಿಂದಲೇ. ಆ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ ವಾಲ್ಟರ್ ಎಲಿಯಟ್, ನಮ್ಮ ಶಾಸನಗಳನ್ನು ಪ್ರತಿ ಮಾಡಿಸಿದ ಎಲಿಯಟ್ಟನೇ. ಮುಂದೆ ಇದೇ ಇಲಿಯ ದಿನಚರಿಯ ಲಯವನ್ನು ಎಂ. ಕೆ. ಚಂದ್ರಶೇಖರನ್ ಹಾಗೂ ಅವರ ಶಿಷ್ಯರು ಅಭ್ಯಸಿಸಿದರು.

ಮಿದುಳಿನೊಳಗಿನ ಲಯ ಮೊದಲು ಗೊತ್ತಾದುದು ಪ್ರಯೋಗಾಲಯದ ಇಲಿಗಳಲ್ಲಿ. ಮಿದುಳಿನಲ್ಲಿ ಪೀನಿಯಲ್ ಎಂಬ ಕಿರುಗ್ರಂಥಿಯಿದೆ. ಅದರಲ್ಲಿ ಸೆರೊಟೋನಿನ್ ಹಗಲು ತುಂಬಿ, ಇರುಳು ಇಳಿಯುವುದನ್ನು ಕ್ವೇ 1963ರಲ್ಲಿ ತೋರಿಸಿದನು. ಇಳಿದದ್ದು ಎಲ್ಲಿಗೆ ಹೋಯಿತು? ಕತ್ತಲೆಯಲ್ಲಿ ಒಂದು ಕಿಣ್ವ ಚುರುಕುಗೊಂಡು, ಸೆರೊಟೋನಿನ್ ಮೆಲಟೋನಿನ್ ಆಗುವ ಹಾದಿಯ ಮೊದಲ ಹೆಜ್ಜೆಯನ್ನು ನಡೆಸುತ್ತದೆ. ಕ್ಲೈನ್ ಮತ್ತು ವೆಲ್ಲರ್ ಇದನ್ನು 1970ರಲ್ಲಿ ಕಂಡರು. ನಡುರಾತ್ರಿ ದೀಪ ಹಚ್ಚಿದರೆ ಕೆಲವೇ ನಿಮಿಷಗಳಲ್ಲಿ ಆ ಕಿಣ್ವ ಕುಗ್ಗುತ್ತದೆ. ಆದರೂ ಲಯವನ್ನು ಹುಟ್ಟಿಸುವುದು ಬೆಳಕಲ್ಲ: ಕಣ್ಣು ಕಳೆದುಕೊಂಡ ಇಲಿಗಳಲ್ಲಿಯೂ ಸೆರೊಟೋನಿನ್ನಿನ ಏರಿಳಿತ ನಿಲ್ಲಲಿಲ್ಲವೆಂದು 1965ರಲ್ಲಿಯೇ ತಿಳಿದಿತ್ತು. ಗಡಿಯಾರ ಒಡಲಿನೊಳಗೇ ಇದೆ; ಬೆಳಕು ಅದರ ಮುಳ್ಳನ್ನು ಸರಿಪಡಿಸುತ್ತದೆ.

ಇನ್ನು ಅನುವಾದದ ತೊಡಕು. ಇಲಿ ನಿಶಾಚರ ಪ್ರಾಣಿ. ಅದರ ಮೆಲಟೋನಿನ್ ಉಕ್ಕುವ ಹೊತ್ತಿಗೆ ಅದು ಎಚ್ಚರದಲ್ಲಿದ್ದು ಕಾಳು ಹುಡುಕುತ್ತಿರುತ್ತದೆ. ಮನುಷ್ಯನಲ್ಲಿಯೂ ಅದು ಉಕ್ಕುವುದು ಇರುಳೇ, ಆದರೆ ಆಗ ನಾವು ಮಲಗಿರುತ್ತೇವೆ. ಅಂದರೆ ಆ ದ್ರವ್ಯ ಹೇಳುವುದು ‘ಮಲಗು’ ಎಂದಲ್ಲ, ‘ಇರುಳಾಯಿತು’ ಎಂದು. ಮನುಷ್ಯರಿಗೆ ಅದರಿಂದ ನಿದ್ರೆಗೆ ನೆರವಾಗುವುದುಂಟು. ಅಷ್ಟರಿಂದ ಅದೇ ಅರ್ಥವಾಗದು.

“ಸರ್, ಒಂದು ಶಬ್ದಕ್ಕೆ ಇಷ್ಟೇಕೆ?” ಎಂದಳು ಆಕೆ. ಆಕೆಯ ತಂದೆ ಸೊಲ್ಲಾಪುರದ ಮಗ್ಗಗಳಲ್ಲಿ ರಾತ್ರಿಪಾಳಿಯವರು. ‘ನಿದ್ರಾರಸ’ವೆಂದರೆ, ಹಗಲು ಎಂಟು ತಾಸು ಮಲಗಿದರೆ ಕಳೆದದ್ದೆಲ್ಲ ತುಂಬಿತೆಂದು ಓದುಗ ತಿಳಿದಾನು. ಪ್ರಖರ ದೀಪದಡಿ ದುಡಿಯುವವನ ಒಡಲಿಗೆ ತಪ್ಪುವುದು ಇರುಳಿನ ಸುದ್ದಿ. ಹಗಲುನಿದ್ರೆ ಅದನ್ನು ಮರಳಿ ತಾರದು. ಆಕೆ ತುಸು ಹೊತ್ತು ಮಾತಾಡಲಿಲ್ಲ.

ಬಳಿಕ ‘ಇರುಳಸೂಚಿ’ ಎಂದು ಬರೆದು ತಂದಳು. ಅರಿಸಮಾಸವೆಂದು ನಾನು ತಕರಾರು ತೆಗೆದೆ. ಕೊನೆಗೆ ‘ನಿಶಾಸೂಚಿ’ ಎಂದಾಯಿತು. ಪಕ್ಕದ ಮರಾಠಿ ತರಗತಿಯವರೂ ಅದನ್ನೇ ಎತ್ತಿಕೊಂಡಿದ್ದಾರೆ.