ಬೋಧನೆ ಮತ್ತು ಸಂವಹನ: ಎರಡು ಸಂಶೋಧನೆಗಳು

ತರಗತಿಯ ವಾಗ್ವ್ಯವಹಾರವನ್ನು ಮೂರು ಸೆಕೆಂಡುಗಳಿಗೊಮ್ಮೆ ಗುರುತಿಸಿಕೊಳ್ಳುತ್ತ ಸಾಗುವ, ಅಮೆರಿಕದ ನೆಡ್ ಫ್ಲ್ಯಾಂಡರ್ಸ್ ಅವರ ಪದ್ಧತಿಯಲ್ಲಿ ಒಟ್ಟು 10 ವರ್ಗಗಳುಂಟು. 7 ಅಧ್ಯಾಪಕನ ಮಾತಿಗೆ, 2 ವಿದ್ಯಾರ್ಥಿಯ ಮಾತಿಗೆ ಸಲ್ಲತಕ್ಕವು, ಉಳಿದೊಂದು ಮೌನ ಅಥವಾ ಗೊಂದಲದ್ದು. ತರಗತಿಯ ವೇಳೆಯಲ್ಲಿ ಮೂರನೆಯ ಎರಡು ಭಾಗ ಮಾತು, ಆ ಮಾತಿನಲ್ಲಿ ಮೂರನೆಯ ಎರಡು ಭಾಗ ಅಧ್ಯಾಪಕನದು, ಅದರಲ್ಲಿಯೂ ಮೂರನೆಯ ಎರಡು ಭಾಗ ಉಪನ್ಯಾಸ, ಆದೇಶ, ಟೀಕೆಗಳೆಂಬ ನೇರ ಪ್ರಭಾವದ್ದು ಎಂಬ ಅವರ ನಿಯಮವು ಪ್ರಶ್ನಪತ್ರಿಕೆಗಳಿಗೆ ಅತಿಪ್ರಿಯವಾದುದು.

ನಿತ್ಯಜೀವನದ ಸಂಭಾಷಣೆಗೆ ಅನ್ವಯಿಸಿ ಹೇಳಲ್ಪಡುವ ಸೂತ್ರವು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ಅವರದು: ಪದ ಶೇ. 7, ಧ್ವನಿ ಶೇ. 38, ಮುಖಭಾವ ಶೇ. 55. ಸಂವಹನದ ಶೇ. 93 ಭಾಗವು ಅಶಾಬ್ದಿಕವೆಂದು ಮಾರ್ಗದರ್ಶಿ ಪುಸ್ತಕಗಳು ನಿಸ್ಸಂಕೋಚವಾಗಿ ಸಾರುತ್ತವೆಯಾದರೂ, 1967ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳನ್ನು ಜೋಡಿಸಿ ಪಡೆದ ಈ ಅಂಕಿಗಳು, ಆಡುವವನ ಪದ, ಧ್ವನಿ, ಮುಖಭಾವಗಳು ಪರಸ್ಪರ ಹೊಂದದಿರುವಾಗ ಅವನ ಒಲವು ಅಥವಾ ಅಪ್ರೀತಿಯನ್ನು ಕೇಳುವವನು ಹೇಗೆ ಊಹಿಸುವನೆಂಬುದಕ್ಕೆ ಮಾತ್ರ ಸಂಬಂಧಪಟ್ಟವು. ಎಲ್ಲ ಸಂವಹನಕ್ಕೂ ಅವು ಸಲ್ಲುವ ಪಕ್ಷದಲ್ಲಿ, ಅಭ್ಯರ್ಥಿಯ ಕೈಯಲ್ಲಿರುವ ಪಠ್ಯಪುಸ್ತಕವೂ ಶೇ. 7ರಷ್ಟೇ ಫಲಕಾರಿಯಾಗಬೇಕಾಗಿದ್ದಿತು! ಈ ಸೂತ್ರವು ಯಾವುದಕ್ಕೆ ಸಲ್ಲುವುದೆಂಬ ಬಹುಆಯ್ಕೆಯ ಪ್ರಶ್ನೆಯಲ್ಲಿ ‘ಭಾವನೆ ಮತ್ತು ಮನೋಭಾವಗಳ ಸಂವಹನ’ ಎಂಬ ಆಯ್ಕೆಯಿದ್ದರೆ ಅದನ್ನೇ ಗುರುತಿಸತಕ್ಕದ್ದು.