ಊರಿನ ನೀರು, ಮಕ್ಕಳ ಹಲ್ಲು: ಋತುಮಾನಕ್ಕೆ ತಕ್ಕ ದಂತ ಆರೋಗ್ಯ ಪಾಲನೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ: ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳು)

ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಕುಡಿಯುವ ನೀರು, ಚರಂಡಿ, ಬೀದಿದೀಪಗಳ ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ. ಹಲ್ಲಿನ ವಿಷಯ ಬರುವುದು ವಿರಳ. ಹಲ್ಲುನೋವು ಅವರವರ ಮನೆಯ ಸಂಗತಿ ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಹಲ್ಲಿಗೆ ಬರುವ ತೊಂದರೆಗಳಲ್ಲಿ ಕೆಲವು ಮನೆಯಲ್ಲಿ ಹುಟ್ಟುವಂಥವಲ್ಲ. ಮಗು ಯಾವ ಕೊಳವೆಬಾವಿಯ ನೀರು ಕುಡಿಯುತ್ತದೆ, ಶಾಲೆಯ ಗೇಟಿನ ಬಳಿ ಯಾವ ಅಂಗಡಿ ಇದೆ, ಕಬ್ಬು ಕಡಿಯಲು ಬಂದವರ ಮಕ್ಕಳನ್ನು ಯಾರು ತಪಾಸಣೆ ಮಾಡುತ್ತಾರೆ ಎಂಬುವು ಪಂಚಾಯತಿಯ ವ್ಯಾಪ್ತಿಗೆ ಸೇರಿದ ಪ್ರಶ್ನೆಗಳು. ಈ ಪಾಠವನ್ನು ಓದಿದ ಸದಸ್ಯರು ತಮ್ಮ ವಾರ್ಡಿನಲ್ಲಿ ಏನನ್ನು ಗಮನಿಸಬೇಕು, ಯಾವ ಋತುವಿನಲ್ಲಿ ಯಾವ ಕ್ರಮ ಕೈಗೊಳ್ಳಬೇಕು ಎಂಬುದನ್ನು ತಿಳಿಯುವುದು ಇದರ ಉದ್ದೇಶ.

1. ಹಲ್ಲು ಕೆಡುವ ಬಗೆ

ಮಗುವಿಗೆ ಸುಮಾರು ಆರನೆಯ ತಿಂಗಳಿನಲ್ಲಿ ಮೊದಲ ಹಾಲುಹಲ್ಲು ಮೂಡುತ್ತದೆ. ಹಾಲುಹಲ್ಲುಗಳು ಒಟ್ಟು 20. ಆರನೆಯ ವಯಸ್ಸಿನ ಸುಮಾರಿಗೆ ಅವುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಇದು ಮೂಡುವುದರಿಂದ ಅನೇಕ ತಾಯಂದಿರು ಇದನ್ನೂ ಹಾಲುಹಲ್ಲೆಂದೇ ಭಾವಿಸಿ, ಹುಳುಕಾದರೂ "ಬಿದ್ದು ಹೊಸದು ಬರುತ್ತದೆ" ಎಂದು ಸುಮ್ಮನಾಗುತ್ತಾರೆ. ಆ ಹಲ್ಲು ಮತ್ತೆ ಹುಟ್ಟುವುದಿಲ್ಲ. ಅಂಗನವಾಡಿ ಮತ್ತು ಶಾಲೆಗಳಲ್ಲಿ ತಿಳಿಸಬೇಕಾದ ಮೊದಲ ಮಾತು ಇದು.

ಹುಳುಕು ಎಂಬ ಹೆಸರಿದ್ದರೂ ಹಲ್ಲಿನೊಳಗೆ ಹುಳು ಇರುವುದಿಲ್ಲ. ಹಲ್ಲಿನ ಮೇಲೆ ಕುಳಿತ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಬಳಸಿಕೊಂಡು ಆಮ್ಲವನ್ನು ಉತ್ಪಾದಿಸುತ್ತವೆ. ಸಿಹಿ ತಿಂದ ನಂತರ ಸುಮಾರು ಅರ್ಧ ಗಂಟೆಯವರೆಗೆ ಆ ಆಮ್ಲ ಹಲ್ಲಿನ ಹೊರಕವಚವಾದ ದಂತಕವಚವನ್ನು ಸವೆಸುತ್ತದೆ. ಬಳಿಕ ಬಾಯಿಯ ಜೊಲ್ಲು ಅದನ್ನು ಸರಿಪಡಿಸತೊಡಗುತ್ತದೆ. ಆದುದರಿಂದ ಎಷ್ಟು ಸಿಹಿ ತಿಂದರು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು ಎಂಬುದು ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದ ಮಗುವಿಗಿಂತ, ದಿನವಿಡೀ ಕಿಸೆಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡ ಮಗುವಿನ ಹಲ್ಲು ಬೇಗ ಕೆಡುತ್ತದೆ.

ಮುಧೋಳ, ಮಹಾಲಿಂಗಪುರ, ಜಮಖಂಡಿ ಭಾಗಗಳಲ್ಲಿ ಬೆಲ್ಲ ನಿತ್ಯದ ಆಹಾರ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜ. ಆದರೆ ಹಲ್ಲಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ಅಂಟುವ ಗುಣದಿಂದ ಅದು ಹಲ್ಲಿನ ಸಂದಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬೆಲ್ಲ ತಿನ್ನಬಾರದೆಂದಲ್ಲ, ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಬೇಕು ಎಂಬುದು ಹೇಳಬೇಕಾದ ಮಾತು.

2. ಹಳದಿ ಹಲ್ಲು ಮತ್ತು ಕೊಳವೆಬಾವಿ

ಕೆಲವು ಊರುಗಳಲ್ಲಿ ಮಕ್ಕಳ ಮುಂಭಾಗದ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಪಟ್ಟಿಗಳು, ಮುಂದೆ ಹಳದಿ ಅಥವಾ ಕಂದು ಕಲೆಗಳು ಕಾಣುತ್ತವೆ. ಇದನ್ನು ಮಗು ಹಲ್ಲುಜ್ಜದ ಕಾರಣ ಎಂದು ಭಾವಿಸಿ ಬೈಯುವುದುಂಟು. ಎರಡೂ ಬದಿಯ ಹಲ್ಲುಗಳಲ್ಲಿ ಸಮನಾಗಿ, ಅಡ್ಡಗೆರೆಗಳಂತೆ ಕಂಡು, ಎಷ್ಟು ಉಜ್ಜಿದರೂ ಹೋಗದ ಕಲೆಯಾದರೆ ಅದು ದಂತ ಫ್ಲೋರೋಸಿಸ್ ಆಗಿರುವ ಸಂಭವವಿದೆ. ಇದಕ್ಕೆ ಕಾರಣ ಕುಡಿಯುವ ನೀರಿನಲ್ಲಿರುವ ಹೆಚ್ಚಿನ ಫ್ಲೋರೈಡ್.

ಈ ಸಂಬಂಧವನ್ನು ಜಗತ್ತು ಅರಿತದ್ದು ನಿಧಾನವಾಗಿ. ಅಮೆರಿಕದ ಕೊಲೊರಾಡೊ ಪ್ರಾಂತ್ಯದಲ್ಲಿ ಫ್ರೆಡರಿಕ್ ಮೆಕೆ ಎಂಬ ದಂತವೈದ್ಯರು 1901ರಿಂದ ಇಂಥ ಕಲೆಗಳನ್ನು ಗಮನಿಸುತ್ತ ಬಂದರು. ನೀರಿನಲ್ಲಿರುವ ಫ್ಲೋರೈಡ್ ಕಾರಣವೆಂದು ಖಚಿತವಾದದ್ದು 1931ರಲ್ಲಿ. ಭಾರತದಲ್ಲಿ 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಫ್ಲೋರೋಸಿಸ್ ವರದಿಯಾಯಿತು. ಬಾಗಲಕೋಟೆ ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿಯೂ ಫ್ಲೋರೈಡ್ ಮಿತಿಗಿಂತ ಹೆಚ್ಚಾಗಿ ಕಂಡುಬಂದಿದೆ. ಬಂಡೆಗಳಲ್ಲಿರುವ ಫ್ಲೋರೈಡ್ ಖನಿಜ ನೀರಿನಲ್ಲಿ ನಿಧಾನವಾಗಿ ಕರಗುವುದರಿಂದ, ಬಹುಕಾಲ ಆಳದಲ್ಲಿ ನಿಂತ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುವ ಸಂಭವವಿದೆ. ನದಿಯ ನೀರಿನಲ್ಲಿ ಅದು ಸಾಮಾನ್ಯವಾಗಿ ಕಡಿಮೆ.

ಭಾರತೀಯ ಮಾನಕ ಸಂಖ್ಯೆ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಪ್ರತಿ ಲೀಟರಿಗೆ 1.0 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ; ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿ ಇದೆ. ಶಾಶ್ವತ ಹಲ್ಲುಗಳ ದಂತಕವಚ ರೂಪುಗೊಳ್ಳುವುದು ಬಹುಮಟ್ಟಿಗೆ ಮಗುವಿನ ಮೊದಲ 8 ವರ್ಷಗಳಲ್ಲಿ. ಆ ಅವಧಿಯಲ್ಲಿ ಆದ ಹಾನಿ ಶಾಶ್ವತ. ದೊಡ್ಡವರಾದ ಮೇಲೆ ಎಷ್ಟೇ ಒಳ್ಳೆಯ ನೀರು ಕೊಟ್ಟರೂ ಕಲೆ ಮಾಯುವುದಿಲ್ಲ. ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಹಲವು ವರ್ಷ ಕುಡಿದರೆ ಮೂಳೆ, ಕೀಲುಗಳೂ ಬಿಗಿದು ಬಾಗುತ್ತವೆ. ಆದುದರಿಂದ ಒಂದು ನೀರಿನ ಮೂಲವನ್ನು ಬದಲಿಸುವ ತೀರ್ಮಾನವನ್ನು ಐದು ವರ್ಷ ಮುಂದೂಡಿದರೆ, ಆ ಐದು ವರ್ಷಗಳಲ್ಲಿ ಬೆಳೆದ ಮಕ್ಕಳು ಅದರ ಗುರುತನ್ನು ಜೀವನಪೂರ್ತಿ ಹೊರುತ್ತಾರೆ.

ಇಲ್ಲಿ ಎರಡು ತಪ್ಪು ತಿಳುವಳಿಕೆಗಳನ್ನು ತಿದ್ದಬೇಕಾಗಿದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಶುದ್ಧ ಕುಡಿಯುವ ನೀರಿನ ಘಟಕ ಫ್ಲೋರೈಡನ್ನು ತಗ್ಗಿಸಬಲ್ಲದು. ಆದರೆ ಅದರ ಒಳಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಘಟಕ ಓಡುತ್ತಿದ್ದರೂ ನೀರು ಶುದ್ಧವಾಗುವುದಿಲ್ಲ. ಘಟಕಕ್ಕೆ ಬರುವ ನೀರನ್ನಲ್ಲದೆ ಹೊರಬರುವ ನೀರನ್ನೂ ಪರೀಕ್ಷಿಸಬೇಕು.

ಒಂದು ಲೆಕ್ಕ

ಒಂದು ಊರಿನಲ್ಲಿ ಎರಡು ಕೊಳವೆಬಾವಿಗಳಿವೆ ಎಂದು ಊಹಿಸಿಕೊಳ್ಳಬಹುದು. ಮೊದಲನೆಯದರಲ್ಲಿ ಲೀಟರಿಗೆ 2.4 ಮಿಲಿಗ್ರಾಂ, ಎರಡನೆಯದರಲ್ಲಿ 0.6 ಮಿಲಿಗ್ರಾಂ ಫ್ಲೋರೈಡ್ ಇದೆ. ಎರಡರ ನೀರನ್ನೂ ಒಂದೇ ಟ್ಯಾಂಕಿಗೆ ಸಮಪ್ರಮಾಣದಲ್ಲಿ ಬಿಟ್ಟರೆ ಫಲ 1.5 ಮಿಲಿಗ್ರಾಂ, ಮಿತಿಯ ಅಂಚು. ಮೊದಲನೆಯದರ ಒಂದು ಪಾಲಿಗೆ ಎರಡನೆಯದರ ಎರಡು ಪಾಲು ಸೇರಿಸಿದರೆ 1.2 ಮಿಲಿಗ್ರಾಂ. ಎರಡನೆಯದನ್ನು ಕುಡಿಯಲು ಮಾತ್ರ, ಮೊದಲನೆಯದನ್ನು ಬಟ್ಟೆ ಪಾತ್ರೆ ತೊಳೆಯಲು ಮಾತ್ರ ಎಂದು ಬೇರ್ಪಡಿಸಿದರೆ ಕುಡಿಯುವ ನೀರು 0.6 ಮಿಲಿಗ್ರಾಂನಲ್ಲಿಯೇ ಉಳಿಯುತ್ತದೆ. ಹೊಸ ಯೋಜನೆಯಿಲ್ಲದೆ, ನೀರಗಂಟಿಯ ಕೈಯಲ್ಲಿರುವ ವಾಲ್ವಿನಿಂದಲೇ ಇಷ್ಟು ವ್ಯತ್ಯಾಸ ಸಾಧ್ಯ. ಆದರೆ ಯಾವ ಬಾವಿಯಲ್ಲಿ ಎಷ್ಟಿದೆ ಎಂದು ತಿಳಿದಿದ್ದರೆ ಮಾತ್ರ ಇದು ಸಾಧ್ಯ.

3. ಋತುಮಾನಕ್ಕೆ ತಕ್ಕ ಪಾಲನೆ

ಬೇಸಿಗೆ: ಬಹುಗ್ರಾಮ ಯೋಜನೆಯ ನದಿನೀರು ಕಡಿಮೆಯಾದಾಗ ಅಥವಾ ಪೈಪು ಒಡೆದಾಗ ಊರು ಮತ್ತೆ ಹಳೆಯ ಕೊಳವೆಬಾವಿಗೆ ಮರಳುತ್ತದೆ. ಅದೇ ಕಾಲದಲ್ಲಿ ಜನರು ಹೆಚ್ಚು ನೀರು ಕುಡಿಯುತ್ತಾರೆ. ಎರಡೂ ಕೂಡಿ ದೇಹ ಸೇರುವ ಫ್ಲೋರೈಡ್ ಹೆಚ್ಚುತ್ತದೆ. ಆದುದರಿಂದ ಬೇಸಿಗೆಗೆ ಮೊದಲೇ, ಫೆಬ್ರವರಿಯೊಳಗೆ, ಬದಲಿ ಮೂಲಗಳ ಪರೀಕ್ಷೆ ಮುಗಿದಿರಬೇಕು. ಬಾಯಾರಿದಾಗ ಬಾಟಲಿಯ ತಂಪು ಪಾನೀಯ ಕುಡಿಯುವುದರಿಂದ ಸಕ್ಕರೆ ಮತ್ತು ಆಮ್ಲ ಎರಡೂ ಹಲ್ಲಿಗೆ ತಗಲುತ್ತವೆ. ಮಜ್ಜಿಗೆ, ಅಂಬಲಿ ಮೇಲು. ಬಾಯಿ ಒಣಗಿದರೆ ಜೊಲ್ಲಿನ ರಕ್ಷಣೆ ತಗ್ಗುತ್ತದೆಯಾದ್ದರಿಂದ ಹೊಲದಲ್ಲಿ ದುಡಿಯುವವರು ಆಗಾಗ ನೀರು ಕುಡಿಯಬೇಕು.

ಮಳೆಗಾಲ: 2019ರ ಆಗಸ್ಟಿನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಪ್ರವಾಹವನ್ನು ಈ ತಾಲೂಕುಗಳ ಜನ ಮರೆತಿಲ್ಲ. ಈ ಕಾಲದ ಮುಖ್ಯ ಅಪಾಯ ರೋಗಾಣು. ಕ್ಲೋರಿನ್ ಹಾಕುವುದು, ಕುದಿಸಿ ಆರಿಸುವುದು ಅಗತ್ಯ. ವಾಂತಿಯಾದ ಕೂಡಲೇ ಹಲ್ಲುಜ್ಜದೆ ಮೊದಲು ನೀರಿನಿಂದ ಮುಕ್ಕಳಿಸಬೇಕು, ಏಕೆಂದರೆ ಹೊಟ್ಟೆಯ ಆಮ್ಲದಿಂದ ದಂತಕವಚ ಆಗ ಮೆತ್ತಗಾಗಿರುತ್ತದೆ. ಜ್ವರ, ಕೆಮ್ಮಿನ ಸಿಹಿ ಔಷಧಿಯನ್ನು ರಾತ್ರಿ ಕುಡಿಸಿದ ಮೇಲೆ ಮಗುವಿಗೆ ನೀರು ಕುಡಿಸಬೇಕು. ನಾಗರ ಪಂಚಮಿಯ ಉಂಡಿಗಳ ವಾರ ಶಾಲೆಯಲ್ಲಿ ಹಲ್ಲಿನ ಪಾಠ ಹೇಳಲು ತಕ್ಕ ಸಮಯ.

ಚಳಿಗಾಲ ಮತ್ತು ಕಬ್ಬಿನ ಹಂಗಾಮು: ಕಾರ್ಖಾನೆಗಳು ಆರಂಭವಾದೊಡನೆ ಹೊರಗಿನಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗುಡಿಸಲಿನಲ್ಲಿರುವ ಅವರ ಮಕ್ಕಳು ಯಾವ ಅಂಗನವಾಡಿಯ ಪಟ್ಟಿಯಲ್ಲೂ ಇರುವುದಿಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ಹಲ್ಲಿನ ತಪಾಸಣೆಯೂ ಸೇರಿದೆ. ತಂಡ ಬರುವ ದಿನವನ್ನು ಆ ಗುಡಿಸಲುಗಳಿಗೂ ತಿಳಿಸುವುದು ವಾರ್ಡ್ ಸದಸ್ಯರ ಕೆಲಸ. ತಣ್ಣೀರು ತಗಲಿದಾಗ ಹಲ್ಲು ಜುಮ್ಮೆಂದರೆ ಅದು ಬರಿಯ ಚಳಿಯ ಕಾರಣವಲ್ಲ. ಒಸಡು ಇಳಿದಿರಬಹುದು ಅಥವಾ ಹಲ್ಲು ಸವೆದಿರಬಹುದು.

4. ತಂಬಾಕು, ಅಡಿಕೆ ಮತ್ತು ಬಾಯಿಯ ಕ್ಯಾನ್ಸರ್

ರಾತ್ರಿ ಪಾಳಿಯಲ್ಲಿ ಮಗ್ಗ ನಡೆಸುವ ನೇಕಾರರು ನಿದ್ದೆ ತಡೆಯಲು, ಕಬ್ಬು ಕಡಿಯುವವರು ಹಸಿವು ಮರೆಯಲು ತಂಬಾಕು ಹಾಕಿಕೊಳ್ಳುತ್ತಾರೆ. ಕೆಲವು ಮನೆಗಳಲ್ಲಿ ಹೆಂಗಸರು ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುತ್ತಾರೆ. ಅದು ಹಲ್ಲುಪುಡಿಯಲ್ಲ, ತಂಬಾಕಿನ ಸೇವನೆಯೇ. ಅಡಿಕೆಯನ್ನು ಮಾತ್ರ ಜಗಿದರೂ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ದೃಢಪಡಿಸಿದೆ.

ಸದಸ್ಯರು ನೆನಪಿಡಬೇಕಾದ ಲಕ್ಷಣಗಳು ನಾಲ್ಕು: ಎರಡು ವಾರ ಕಳೆದರೂ ಮಾಯದ ಹುಣ್ಣು, ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ತಡೆಯಲಾಗದ ಉರಿ, ಮೂರು ಬೆರಳು ಉದ್ದಕ್ಕೆ ಹಿಡಿಯದಷ್ಟು ಬಾಯಿ ಬಿಗಿಯುವುದು. ಇವುಗಳಲ್ಲಿ ಒಂದು ಕಂಡರೂ ನೋವಿಲ್ಲವೆಂದು ಕಾಯಬಾರದು. ಆರಂಭದ ಕ್ಯಾನ್ಸರ್ ನೋಯುವುದಿಲ್ಲ. 30 ವರ್ಷ ಮೀರಿದವರಿಗೆ ಆರೋಗ್ಯ ಕೇಂದ್ರಗಳಲ್ಲಿ ಬಾಯಿಯ ತಪಾಸಣೆ ಉಚಿತ. 2003ರ ತಂಬಾಕು ನಿಯಂತ್ರಣ ಕಾಯ್ದೆ ಶಿಕ್ಷಣ ಸಂಸ್ಥೆಗಳ ಸುತ್ತ 100 ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸಿದೆ. ಅಂಗಡಿಗೆ ಪರವಾನಗಿ ನೀಡುವಾಗ ಈ ಅಂತರವನ್ನು ಅಳೆದು ನೋಡಬೇಕು.

5. ವೈದ್ಯರ ಬಳಿಗೆ ಹೋಗುವ ದಾರಿ

ಹಳ್ಳಿಯ ಜನ ದಂತವೈದ್ಯರ ಬಳಿ ಹೋಗುವುದು ಹೆಚ್ಚಾಗಿ ಹಲ್ಲು ಕೀಳಿಸಲು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ, ಹಲ್ಲು ಸ್ವಚ್ಛ ಮಾಡಿಸಿದರೆ ಸಡಿಲಾಗುತ್ತವೆ ಎಂಬ ನಂಬಿಕೆಗಳೂ ಇವೆ. ಎರಡೂ ನಿಜವಲ್ಲ. ಗಟ್ಟಿಯಾದ ಪಾಚಿ ಒಸಡನ್ನು ತಿಂದ ಮೇಲೆ, ಅದನ್ನು ತೆಗೆದಾಗ ಮೊದಲೇ ಸಡಿಲಾಗಿದ್ದ ಹಲ್ಲು ಗೊತ್ತಾಗುತ್ತದೆ, ಅಷ್ಟೆ. ಸಕ್ಕರೆ ಕಾಯಿಲೆ ಇರುವವರಿಗೆ ಒಸಡಿನ ರೋಗ ಬೇಗ ಬರುತ್ತದೆ. ಒಸಡಿನ ಸೋಂಕಿನಿಂದ ಸಕ್ಕರೆಯ ನಿಯಂತ್ರಣವೂ ಕಷ್ಟವಾಗುತ್ತದೆ. ಗರ್ಭಿಣಿಯರ ಒಸಡಿನಲ್ಲಿ ರಕ್ತ ಬಂದರೆ ಹೆರಿಗೆಯವರೆಗೆ ಕಾಯಬೇಕಿಲ್ಲ. ನಾಲ್ಕರಿಂದ ಆರನೆಯ ತಿಂಗಳು ಚಿಕಿತ್ಸೆಗೆ ಅನುಕೂಲವಾದ ಕಾಲ.

ಭಯ ಕಳೆಯುವ ಸುಲಭ ಮಾರ್ಗವೆಂದರೆ ನೋವಿಲ್ಲದ ದಿನ ವೈದ್ಯರ ಪರಿಚಯ ಮಾಡಿಸುವುದು. ತಾಲೂಕು ಆಸ್ಪತ್ರೆಯ ದಂತವೈದ್ಯರನ್ನಾಗಲಿ, ಬಾಗಲಕೋಟೆಯ ದಂತ ವೈದ್ಯಕೀಯ ಕಾಲೇಜಿನ ತಂಡವನ್ನಾಗಲಿ ಶಾಲೆಗೆ, ಮಹಿಳಾ ಸಂಘದ ಸಭೆಗೆ ಆಹ್ವಾನಿಸಬಹುದು. ಹೆಸರು ಗೊತ್ತಿರುವ, ನಗುತ್ತ ಮಾತನಾಡಿಸಿದ ವೈದ್ಯರ ಬಳಿಗೆ ಮಗು ಅಳದೆ ಹೋಗುತ್ತದೆ. ಹಲ್ಲಿಲ್ಲದ ಬಡ ಹಿರಿಯರಿಗೆ ದಂತಪಂಕ್ತಿ ಒದಗಿಸುವ ದಂತಭಾಗ್ಯ ಯೋಜನೆಯ ಬಗ್ಗೆಯೂ ಆಗ ವಿಚಾರಿಸಬಹುದು. ರೊಟ್ಟಿ ಅಗಿಯಲಾಗದೆ ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಹಿರಿಯರಿಗೆ ಅದು ಆಹಾರದ ಪ್ರಶ್ನೆ.

ತುರ್ತು ಸಂದರ್ಭದ ಒಂದು ಮಾತು: ಆಟದಲ್ಲಿಯೋ ಅಪಘಾತದಲ್ಲಿಯೋ ಶಾಶ್ವತ ಹಲ್ಲು ಬುಡಸಮೇತ ಕಿತ್ತುಬಿದ್ದರೆ ಅದನ್ನು ಎಸೆಯಬಾರದು. ಬೇರನ್ನು ಮುಟ್ಟದೆ, ಉಜ್ಜದೆ, ತಣ್ಣನೆಯ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿದರೆ ಮತ್ತೆ ಕೂಡಿಸುವ ಅವಕಾಶವಿದೆ. ಈ ಮಾತನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಬಹುದು.

6. ನಿತ್ಯದ ನಿಯಮ

ದಿನಕ್ಕೆ ಎರಡು ಸಲ, ವಿಶೇಷವಾಗಿ ರಾತ್ರಿ ಮಲಗುವ ಮುನ್ನ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನ ಹರಳು ಹಲ್ಲನ್ನು ಸವೆಸುತ್ತವೆ. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಳ್ಳಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ಮಗು ಅದನ್ನು ನುಂಗದಂತೆ ನೋಡಿಕೊಳ್ಳಬೇಕು. ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಚಿಕ್ಕ ಮಕ್ಕಳ ಪೇಸ್ಟಿನ ಬಗ್ಗೆ ದಂತವೈದ್ಯರನ್ನು ಕೇಳುವುದು ಉತ್ತಮ. ಹಾಲು, ಮೊಸರು, ನುಗ್ಗೆಸೊಪ್ಪು, ನೆಲ್ಲಿಕಾಯಿ, ಪೇರಲದಂಥ ಆಹಾರ ಫ್ಲೋರೈಡಿನ ಹಾನಿಯನ್ನು ತಗ್ಗಿಸಲು ನೆರವಾಗುತ್ತದೆ.

7. ಸಭೆಯಲ್ಲಿ ಕೈಗೊಳ್ಳಬಹುದಾದ ನಿರ್ಣಯಗಳು

ಅ) ಪಂಚಾಯತಿ ವ್ಯಾಪ್ತಿಯ ಪ್ರತಿ ಕುಡಿಯುವ ನೀರಿನ ಮೂಲಕ್ಕೆ ವರ್ಷಕ್ಕೆ ಒಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮೊದಲು ಮತ್ತು ನಂತರ ರೋಗಾಣು ಪರೀಕ್ಷೆ ಮಾಡಿಸುವುದು. ಫಲಿತಾಂಶವನ್ನು ಆಯಾ ಮೂಲದ ಬಳಿಯೇ ಕನ್ನಡದಲ್ಲಿ ಬರೆಸುವುದು.

ಆ) ಮಿತಿ ಮೀರಿದ ಮೂಲಕ್ಕೆ "ಕುಡಿಯಲು ಅಲ್ಲ" ಎಂಬ ಕೆಂಪು ಗುರುತು ಹಾಕಿ, ಶಾಲೆ ಮತ್ತು ಅಂಗನವಾಡಿಗೆ ಮೊದಲು ಬದಲಿ ನೀರು ಒದಗಿಸುವುದು.

ಇ) ಶುದ್ಧ ನೀರಿನ ಘಟಕದ ಒಳಪೊರೆ ಬದಲಿಸಿದ ದಿನಾಂಕವನ್ನು ಘಟಕದ ಗೋಡೆಯ ಮೇಲೆ ನಮೂದಿಸುವುದು.

ಈ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಹಲ್ಲಿನ ಮತ್ತು ಬಾಯಿಯ ತಪಾಸಣೆಯ ವಿಷಯವನ್ನು ಋತುವಿಗೊಮ್ಮೆ ಚರ್ಚಿಸುವುದು.

ಸ್ವಯಂ ಅವಲೋಕನದ ಪ್ರಶ್ನೆಗಳು

1. ನಿಮ್ಮ ವಾರ್ಡಿನ ಶಾಲೆಯ ಮಕ್ಕಳು ಯಾವ ಮೂಲದ ನೀರು ಕುಡಿಯುತ್ತಾರೆ? ಅದರ ಫ್ಲೋರೈಡ್ ಪ್ರಮಾಣ ಎಷ್ಟು? ಪರೀಕ್ಷೆ ನಡೆದ ದಿನ ಯಾವುದು?

2. ಕಳೆದ ಬೇಸಿಗೆಯಲ್ಲಿ ನದಿನೀರು ನಿಂತ ದಿನಗಳಲ್ಲಿ ಊರು ಎಲ್ಲಿಂದ ನೀರು ತಂದಿತು?

3. ಈ ಹಂಗಾಮಿನಲ್ಲಿ ಊರಿಗೆ ಬಂದ ಗ್ಯಾಂಗುಗಳಲ್ಲಿ ಎಷ್ಟು ಮಕ್ಕಳಿದ್ದಾರೆ? ಅವರ ತಪಾಸಣೆ ಆಗಿದೆಯೇ?

ಮೊದಲ ಪ್ರಶ್ನೆಗೆ ಉತ್ತರ ತಿಳಿಯದ ಸದಸ್ಯರು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಂದ ಪರೀಕ್ಷಾ ವರದಿಯನ್ನು ಕೇಳಿ ಪಡೆದು, ಮುಂದಿನ ಸಾಮಾನ್ಯ ಸಭೆಯಲ್ಲಿ ಅದನ್ನು ಓದಿಸತಕ್ಕದ್ದು. ವರದಿ ಇಲ್ಲದಿದ್ದಲ್ಲಿ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವ ನಿರ್ಣಯವನ್ನು ಅದೇ ಸಭೆಯಲ್ಲಿ ಅಂಗೀಕರಿಸತಕ್ಕದ್ದು.