ರಾಶಿಯ ಲೆಕ್ಕ

ಕಣದಲ್ಲಿ ತೂರಿ ಹಸನಾಗಿಸಿದ ಧಾನ್ಯದ ಗುಡ್ಡೆಯನ್ನು ರೈತನು ‘ರಾಶಿ’ ಎನ್ನುತ್ತಾನೆ. ಲೆಕ್ಕದಲ್ಲಿ ಬರುವ ಪರಿಮಾಣವನ್ನು ಗಣಿತಜ್ಞನೂ ‘ರಾಶಿ’ ಎಂದೇ ಕರೆಯುತ್ತಾನೆ. ಗಣಿತವು ಬಾಳಿಗೆ ದೂರವಾದ ವಿದ್ಯೆಯಲ್ಲವೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಧಾನ್ಯವನ್ನು ಕೊಳಗದಿಂದ ಅಳೆಯುತ್ತಿದ್ದ ಕಾಲದಲ್ಲಿ ಒಬ್ಬ ರೈತನು ತನ್ನ ರಾಗಿಯನ್ನು ಹಂಚಿದನೆಂದು ಭಾವಿಸಬಹುದು. ಮೂರರಲ್ಲೊಂದು ಪಾಲು ಸಾಲಕ್ಕೆ, ನಾಲ್ಕರಲ್ಲೊಂದು ಪಾಲು ಆಳುಗಳ ಕೂಲಿಗೆ, ಆರರಲ್ಲೊಂದು ಪಾಲು ತಮ್ಮನಿಗೆ ಸಂದಿತು. ಮನೆಯ ಕಣಜಕ್ಕೆ ಉಳಿದದ್ದು ೧೫ ಕೊಳಗ. ಹಾಗಾದರೆ ಮೊದಲು ರಾಶಿಯಲ್ಲಿದ್ದುದೆಷ್ಟು? ತಿಳಿಯದ ಆ ಮೊತ್ತವನ್ನು ‘ಕ್ಷ’ ಎಂದು ಕರೆದರೆ ಸಮೀಕರಣವು ಹೀಗಾಗುತ್ತದೆ:

ಕ್ಷ/೩ + ಕ್ಷ/೪ + ಕ್ಷ/೬ + ೧೫ = ಕ್ಷ

ಇಲ್ಲಿಯ ತೊಡಕೆಲ್ಲ ಛೇದಗಳದು. ಅಳತೆ ಬೇರೆ ಬೇರೆಯಾದ ಪಾಲುಗಳನ್ನು ನೇರವಾಗಿ ಕೂಡಲು ಬಾರದು. ೩, ೪, ೬ – ಈ ಮೂರರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ೧೨. ಇದೇ ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯ. ಸಮೀಕರಣದ ಪ್ರತಿಯೊಂದು ಪದವನ್ನೂ ೧೨ರಿಂದ ಗುಣಿಸಿದರೆ ಛೇದಗಳು ಅಳಿಯುತ್ತವೆ:

೪ಕ್ಷ + ೩ಕ್ಷ + ೨ಕ್ಷ + ೧೮೦ = ೧೨ಕ್ಷ

ಆದುದರಿಂದ ೩ಕ್ಷ = ೧೮೦; ಕ್ಷ = ೬೦.

ಈ ಉಪಾಯಕ್ಕೂ ಕನ್ನಡ ನಾಡಿಗೂ ಹಳೆಯ ನಂಟುಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ರಚಿಸಿದರು. ಛೇದಗಳನ್ನು ಸಮಗೊಳಿಸುವ ಈ ಅಪವರ್ತ್ಯವನ್ನು ಅವರು ‘ನಿರುದ್ಧ’ವೆಂದು ಕರೆದು, ಅದನ್ನು ಪಡೆಯುವ ಕ್ರಮವನ್ನು ತಿಳಿಸಿದ್ದಾರೆ. ಪಾಲುಗಳನ್ನೂ ಉಳಿಕೆಯನ್ನೂ ಹೇಳಿ ಮೊದಲಿನ ರಾಶಿಯನ್ನು ಕೇಳುವ ಸಮಸ್ಯೆಗಳು ಆ ಗ್ರಂಥದಲ್ಲಿ ಹಲವಾರಿವೆ.

ಅವಸರಪಡುವ ವಿದ್ಯಾರ್ಥಿಯು ೧೫ಕ್ಕೆ ಛೇದವಿಲ್ಲವೆಂದು ಅದನ್ನು ಗುಣಿಸದೆ ಬಿಡುವುದುಂಟು. ಆಗ ೯ಕ್ಷ + ೧೫ = ೧೨ಕ್ಷ ಎಂದಾಗಿ, ಕ್ಷ = ೫ ಎಂಬ ಉತ್ತರ ಬರುತ್ತದೆ. ಐದು ಕೊಳಗದ ರಾಶಿಯಲ್ಲಿ ಹದಿನೈದು ಕೊಳಗ ಉಳಿಯುವುದೆಂತು? ಒಂದು ಪದವನ್ನು ಗುಣಿಸಿ ಮತ್ತೊಂದನ್ನು ಕೈಬಿಟ್ಟರೆ ಸಮೀಕರಣದ ಸಮತೆಯೇ ಕೆಡುತ್ತದೆ.

ಆದಕಾರಣ ದೊರೆತ ಉತ್ತರವನ್ನು ಮೊದಲಿನ ಸಮೀಕರಣದಲ್ಲಿಟ್ಟು ತಾಳೆ ನೋಡಬೇಕು. ಸಾಲಕ್ಕೆ ೨೦, ಕೂಲಿಗೆ ೧೫, ತಮ್ಮನಿಗೆ ೧೦, ಕಣಜಕ್ಕೆ ೧೫; ಒಟ್ಟು ೬೦ ಕೊಳಗ. ಲೆಕ್ಕವು ಸರಿಹೊಂದಿತು. ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋದೀತು; ಕಣದಲ್ಲಿ ತಪ್ಪಿದರೆ ದುಡಿದವನ ಅನ್ನವೇ ಹೋದೀತು.